ಮೂರನೇ ಸಾಕ್ಷಿ

ಉಡುಪಿಯ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೇರೆಯವರ ಮಾತು ಟೈಪು ಮಾಡುವವಳು ನಾನು.
ಅಳು ಬಂದರೆ ಟೈಪು ಮಾಡುವ ಹಾಗಿಲ್ಲ, ಕೆಮ್ಮೂ ಇಲ್ಲ.
ಹೇಳುವ ಮೊದಲು ನುಂಗಿದ ಉಗುಳಿಗೆ
ನನ್ನ ಕೀಲಿಮಣೆಯಲ್ಲಿ ಗುಂಡಿ ಇಲ್ಲ.

ಅವತ್ತು ಮಲ್ಪೆ ದಕ್ಕೆಯಲ್ಲಿ ಬಲೆ ಕೊಯ್ದ ಕೇಸು.
ಮೂರನೇ ಸಾಕ್ಷಿ ಸೀತು ತಿಂಗಳಾಯ, ಅರುವತ್ತೆರಡು,
ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದಳು.
ಬೆರಳ ಸಂದಿಯಲ್ಲಿ ಇನ್ನೂ ಬಂಗುಡೆಯ ಬೆಳ್ಳಿ.

"ಬಲೆ ಕೊಯ್ದವರನ್ನು ನೀವು ನೋಡಿದ್ದೀರಾ?"
"ನಾನು ನೋಡಿದ್ದೇನೇ..."
ಕೊನೆಯ ಅಕ್ಷರ ಅಲೆಯ ನೆತ್ತಿಗೆ ಹತ್ತಿತು,
ಅಲ್ಲೇ ನಿಂತಿತು,
ಇಳಿಯಲಿಲ್ಲ.

ವಕೀಲರು ತುಮಕೂರಿನವರು. ತಕ್ಷಣ ಹಿಡಿದರು:
"ನೋಡಿ ಸ್ವಾಮಿ, ಸಾಕ್ಷಿ ನಮ್ಮನ್ನೇ ಕೇಳ್ತಿದಾರೆ!"
ನ್ಯಾಯಾಧೀಶರು ಗದಗದ ಕಡೆಯವರು, ಬಂದು ಎರಡು ತಿಂಗಳು,
ಪ್ರತಿ ಮಾತಿಗೂ ಒಂದು 'ರೀ' ಇಟ್ಟು ಮುಚ್ಚಳ ಹಾಕುವವರು.
"ಬರಕೋರಿ. ಸಾಕ್ಷಿದಾರಳಿಗೆ ಖಚಿತವಿಲ್ಲ."

ನನ್ನ ಬೆರಳು 'ಖ'ದ ಮೇಲೆ ನಿಂತಿತು.

ಆ ಏರು ಎಲ್ಲಿಯದೆಂದು ನನಗೆ ಗೊತ್ತುಂಟು.
ಅವಳ ಕನ್ನಡ ಐದನೇ ಕ್ಲಾಸಿನದು,
ಒಂದಕ್ಷರ ನುಂಗದ, ಪುಸ್ತಕದಲ್ಲಿದ್ದ ಹಾಗೇ ಇರುವ
ಇಸ್ತ್ರಿ ಹಾಕಿದ ಕನ್ನಡ.
ಅದರೊಳಗಿನ ಉಸಿರು ಮಾತ್ರ ತುಳುವಿನದು.
"ಯಾನ್ ತೂಯೆ" ಎಂದು ದೋಣಿಯಿಂದ ದಡಕ್ಕೆ ಕೂಗಿದರೆ
ಗಾಳಿ ಮೊದಲು ಕಸಿಯುವುದು ಕೊನೆಯ ಅಕ್ಷರವನ್ನೇ.
ಅದಕ್ಕೇ ಅದನ್ನು ಎತ್ತಿ ಹಿಡಿಯುತ್ತಾರೋ ಏನೋ,
ನನ್ನ ಊಹೆ ಇದು, ಭಾಷಾಶಾಸ್ತ್ರ ನಾನು ಓದಿಲ್ಲ.

ನನ್ನದೇನು ಬೇರೆಯಾ?
ಕಲ್ಯಾಣಪುರದ ಮನೆಯಲ್ಲಿ ಸಂಜೆ ಏಳಕ್ಕೆ ತೇರ್ಸ್,
ಅರ್ಧ ಅಮ್ಮ ಹೇಳುವುದು, ಉಳಿದರ್ಧ ನಾವು.
ಇವತ್ತಿಗೂ ನನ್ನ ಕನ್ನಡದ ವಾಕ್ಯ
ನಡುವೆ ಒಮ್ಮೆ ತಲೆಯೆತ್ತಿ ಕಾಯುತ್ತದೆ,
ಉಳಿದದ್ದನ್ನು ಬೇರೆ ಯಾರೋ ಹೇಳಿಯಾರು ಎಂದು.
ಬೆಂಗಳೂರಿನ ಟ್ರೈನಿಂಗಿನಲ್ಲಿ ಒಬ್ಬರು ತಿರುಗಿ ನಕ್ಕಿದ್ದರು,
"ಮಂಗಳೂರು ಕಡೆಯವ್ರಾ?"
ನಾನು ಅಂದದ್ದು ಬರೇ "ಚಾ ಉಂಟಾ" ಅಂತ.

ಎದ್ದು ನಿಂತೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.
"ಸ್ವಾಮಿ, ಅದು ಪ್ರಶ್ನೆ ಅಲ್ಲಾ..."

ನ್ಯಾಯಾಧೀಶರು ಕನ್ನಡಕ ತೆಗೆದರು.
"ನೀವು ಹೇಳಾಕತ್ತೀರೋ, ಕೇಳಾಕತ್ತೀರೋ?"

ಹಾಲಿಗೆ ಹಾಲೇ ನಕ್ಕಿತು.
ಬಾಗಿಲ ಬಳಿಯಿಂದ ಜವಾನ ಇದಿನಬ್ಬ, ಮನೆಯಲ್ಲಿ ಬ್ಯಾರಿ ಆಡುವವನು,
"ಅವರು ಹೇಳಿದ್ದೇ ಸಾರ್" ಎಂದ.
ಅದೂ ಮೇಲಕ್ಕೇ ಹೋಯಿತು.

ಮತ್ತೊಮ್ಮೆ ಕೇಳಿದರು ಸೀತುವನ್ನು.
"ನೋಡಿದ್ದೇನೇ!" ಈ ಸಲ ಇನ್ನೂ ಎತ್ತರ,
ಬೂತಾಯಿ ಬುಟ್ಟಿಯ ಏಲಂನಲ್ಲಿ
ಕೊನೆಯ ರೇಟು ಕೂಗುವ ಸಿಟ್ಟು.
ನ್ಯಾಯಾಧೀಶರು ಫ್ಯಾನು ನೋಡಿದರು ಸ್ವಲ್ಪ ಹೊತ್ತು.
"ಮೊದಲಿಂದು ಹೊಡದು ಹಾಕ್ರಿ. ನೋಡಿದ್ದೇನೆ. ಪೂರ್ಣವಿರಾಮ."

ಹಾಕಿದೆ.
ಅಷ್ಟು ಎತ್ತರದಿಂದ ಬಿದ್ದ ಚುಕ್ಕಿ ಅದು.
ಮೇಲಿನ ಕೋರ್ಟಿನಲ್ಲಿ ಓದುವವರಿಗೆ
ಬಿದ್ದ ಸದ್ದು ಕೇಳುವುದಿಲ್ಲ.

ಮಧ್ಯಾಹ್ನ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುತ್ತಾ
ಸೀತು ನನ್ನನ್ನು ತಡೆದು ಅಂದಳು,
"ಬಾಯಮ್ಮ, ಬಸ್ಸಿನ ದುಡ್ಡು ಕೊಡ್ತಾರಂತೆ."
ಸ್ವರ ಕೆಳಗಿತ್ತು,
ದೋಣಿಯ ಹೊಟ್ಟೆ ಮರಳಿಗೆ ತಾಗಿದ ಹಾಗೆ.

ಅದು ಪ್ರಶ್ನೆ.
ನಾಜರರ ಕೋಣೆ ತೋರಿಸಿದೆ.